ಚಡಪಡಿಸುವ ಕಾಲುಗಳೂ ಸವೆದ ಹಾಸುಬಟ್ಟೆಗಳೂ

ಕುಳಿತಲ್ಲಿ ಕಾಲು ಅಲ್ಲಾಡಿಸಿದರೆ ಮನೆಗೆ ದಾರಿದ್ರ್ಯ ಬರುತ್ತದೆಂದು ಹಿರಿಯರು ಗದರಿಸದ ಕನ್ನಡ ಮನೆ ವಿರಳ. ಆದರೆ ಅಲ್ಲಾಡಿಸದೆ ಇರಲು ಸಾಧ್ಯವೇ ಆಗದ ಕಾಲುಗಳೂ ಇವೆ. ದಿನದ ದುಡಿಮೆ ಮುಗಿಸಿ ಹಾಸಿಗೆಗೆ ಒರಗಿದೊಡನೆ ಮೀನಖಂಡದ ಒಳಗೆ ಇರುವೆ ಹರಿದಂತೆ, ಯಾರೋ ಎಳೆದಂತೆ, ಜುಮ್ಮೆಂದಂತೆ ಆಗತೊಡಗುತ್ತದೆ. ಕಾಲನ್ನು ಚಾಚಿ ಮಡಿಸಿದರೆ, ಎದ್ದು ನಾಲ್ಕು ಹೆಜ್ಜೆ ನಡೆದರೆ ಸಮಾಧಾನ. ಮರಳಿ ಮಲಗಿದರೆ ಮತ್ತೆ ಅದೇ ಯಾತನೆ. ಮಹಾನಗರದ ಒಂದು ಕೋಣೆಯ ಮನೆಯಲ್ಲಿ ನಡುರಾತ್ರಿ ಅಡ್ಡಾಡಬೇಕೆಂದರೆ ಮಲಗಿದವರನ್ನು ದಾಟಿಯೇ ಹೋಗಬೇಕು. ಊರಿಗೆ ಹೋಗುವ ರಾತ್ರಿಯ ರೈಲಿನ ಮೇಲಿನ ಬರ್ತಿನಲ್ಲಂತೂ ಅಂಥವರ ಪಾಡು ಹೇಳತೀರದು.

ಇದು ಮನಸ್ಸಿನ ಭ್ರಮೆಯಲ್ಲ. ವೈದ್ಯಶಾಸ್ತ್ರವು ಬಹುಕಾಲದಿಂದ ಬಲ್ಲ ವ್ಯಾಧಿ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಷ್ಟು ಹಿಂದೆಯೇ ಇದನ್ನು ವರ್ಣಿಸಿದ್ದನು. ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬಾಮ್ 1945ರಲ್ಲಿ ಇದರ ವಿಸ್ತೃತ ಅಧ್ಯಯನವನ್ನು ಪ್ರಕಟಿಸಿದರು. ‘ರೆಸ್ಟ್‌ಲೆಸ್ ಲೆಗ್ಸ್’ ಎಂದು ಪ್ರಸಿದ್ಧವಾದ ಇದಕ್ಕೆ ಇವರಿಬ್ಬರ ಹೆಸರೂ ಸೇರಿ ವಿಲ್ಲಿಸ್-ಎಕ್‌ಬಾಮ್ ವ್ಯಾಧಿ ಎಂಬ ನಾಮಧೇಯವೂ ಇದೆ.

ಇದನ್ನು ಗುರುತಿಸುವ ಲಕ್ಷಣಗಳು ಸರಳವಾಗಿವೆ. ಕಾಲನ್ನು ಚಲಿಸಲೇಬೇಕೆಂಬ ತಡೆಯಲಾಗದ ತುಡಿತ, ವಿಶ್ರಾಂತಿಯಲ್ಲಿ ಅದು ಹೆಚ್ಚುವುದು, ಚಲಿಸಿದರೆ ತಗ್ಗುವುದು, ಸಂಜೆ ಮತ್ತು ರಾತ್ರಿ ಉಲ್ಬಣಿಸುವುದು. ಮೀನಖಂಡವು ಗಟ್ಟಿಯಾಗಿ ಸೆಟೆದು ನೋಯುವ ಸ್ನಾಯುಹಿಡಿತ ಇದಲ್ಲ. ಮಧುಮೇಹದವರಿಗೆ ಬರುವ ಪಾದದ ಉರಿಯೂ ಬೇರೆ. ನಡೆದ ಮಾತ್ರಕ್ಕೆ ಅದು ಶಮನವಾಗದು. ಈ ವ್ಯಾಧಿಯುಳ್ಳ ಬಹುಮಂದಿಯ ಕಾಲುಗಳು ನಿದ್ರೆಯಲ್ಲಿಯೂ ಸುಮಾರು 20ರಿಂದ 40 ಸೆಕೆಂಡುಗಳಿಗೊಮ್ಮೆ ತಾವಾಗಿಯೇ ಮಿಡಿಯುತ್ತವೆ. ಇದರ ಅರಿವು ಮಲಗಿದವರಿಗಿಂತ ಪಕ್ಕದಲ್ಲಿರುವವರಿಗೇ ಹೆಚ್ಚು.

ಕಾರಣವೇನು? ಹಲವು ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತದೆ. ಮಿದುಳಿನಲ್ಲಿ ಕಬ್ಬಿಣದ ಕೊರತೆ ಮತ್ತು ಡೋಪಮಿನ್ ಎಂಬ ರಾಸಾಯನಿಕದ ಏರುಪೇರು ಇದರ ಮೂಲದಲ್ಲಿವೆ ಎಂಬುದು ತಜ್ಞರ ಅಭಿಪ್ರಾಯ. ಗರ್ಭಿಣಿಯರಲ್ಲಿಯೂ ಮೂತ್ರಪಿಂಡದ ವೈಫಲ್ಯವುಳ್ಳವರಲ್ಲಿಯೂ ಇದು ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿಯ ಕಾಲುನೋವನ್ನು ‘ವಾತ’ವೆಂದು ತಳ್ಳಿಹಾಕುವ ಮುನ್ನ ಈ ಅಂಕಿಯನ್ನು ನೆನೆಯುವುದು ಒಳಿತು.

ಹಿಮೋಗ್ಲೋಬಿನ್ ಸರಿಯಾಗಿದೆಯೆಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಅದು ಕೈಯಲ್ಲಿರುವ ನಗದಿದ್ದಂತೆ. ಉಗ್ರಾಣದಲ್ಲಿ ಉಳಿದಿರುವ ಕಬ್ಬಿಣದ ದಾಸ್ತಾನನ್ನು ತಿಳಿಸುವುದು ಫೆರಿಟಿನ್ ಪರೀಕ್ಷೆ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯ 2025ರ ಮಾರ್ಗಸೂಚಿಯಂತೆ ಈ ವ್ಯಾಧಿಯುಳ್ಳ ವಯಸ್ಕರಲ್ಲಿ ಫೆರಿಟಿನ್ ಮಿಲಿಲೀಟರಿಗೆ 75 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಚಿಕಿತ್ಸೆಯನ್ನು ಪರಿಗಣಿಸಬೇಕು. ಹಿಂದೆ ಮೊದಲಿಗೇ ಬರೆದುಕೊಡುತ್ತಿದ್ದ ಪ್ರಾಮಿಪೆಕ್ಸೋಲ್‌ನಂಥ ಔಷಧಗಳು ವರ್ಷಗಳು ಕಳೆದಂತೆ ವ್ಯಾಧಿಯನ್ನೇ ಉಲ್ಬಣಗೊಳಿಸಬಲ್ಲವೆಂದು ಕಂಡುಬಂದುದರಿಂದ, ಈಗ ಗಾಬಾಪೆಂಟಿನ್ ವರ್ಗದವುಗಳಿಗೆ ಆದ್ಯತೆಯಿದೆ. ಇವೆಲ್ಲ ವೈದ್ಯರ ನಿರ್ಧಾರಕ್ಕೆ ಬಿಟ್ಟ ವಿಷಯಗಳು. ಕಬ್ಬಿಣದ ಮಾತ್ರೆಯನ್ನು ತಾವಾಗಿ ನುಂಗುವುದು ಸಲ್ಲದು. ಅತಿಯಾದರೆ ಅದೂ ಹಾನಿಕರ. ನೆಗಡಿ, ತುರಿಕೆಗೆ ಸೇವಿಸುವ ಕೆಲವು ನಿದ್ರೆ ತರಿಸುವ ಗುಳಿಗೆಗಳು, ವಾಂತಿ ನಿಲ್ಲಿಸುವ ಮತ್ತು ಖಿನ್ನತೆಯ ಕೆಲವು ಔಷಧಗಳು ಚಡಪಡಿಕೆಯನ್ನು ಹೆಚ್ಚಿಸುತ್ತವೆ. ಆದ್ದರಿಂದ ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನೂ ವೈದ್ಯರಿಗೆ ತೋರಿಸಬೇಕು. ಯಾವುದನ್ನೂ ತಾವಾಗಿ ನಿಲ್ಲಿಸಬಾರದು.

ಮನೆಯಲ್ಲಿ ಮಾಡಬಹುದಾದುದೂ ಸಾಕಷ್ಟಿದೆ. ನಿಯತವಾದ ನಿದ್ರೆಯ ವೇಳೆ, ಹಗಲಿನಲ್ಲಿ ಮಿತವಾದ ನಡಿಗೆ, ಮಲಗುವ ಮುನ್ನ ಮೀನಖಂಡವನ್ನು ಎಳೆದು ತಿಕ್ಕುವುದು, ಬೆಚ್ಚನೆಯ ಅಥವಾ ತಣ್ಣೀರಿನ ಸ್ನಾನ, ಇವು ಅನೇಕರಿಗೆ ಹಿತ ತರುತ್ತವೆ. ತಂಬಾಕು, ಮದ್ಯಗಳನ್ನು ದೂರವಿಡಬೇಕು. ಕನ್ನಡಿಗರಿಗೆ ಕಠಿಣವಾದ ಪಥ್ಯವೆಂದರೆ ಕಾಫಿ. ಸಂಜೆಯ ಕಾಫಿ ಕಾಲನ್ನೂ ಕೆರಳಿಸಬಹುದು; ಊಟದೊಡನೆ ಕುಡಿದರೆ ಆಹಾರದ ಕಬ್ಬಿಣವು ದೇಹಕ್ಕೆ ಸೇರುವುದನ್ನೂ ತಡೆಯುತ್ತದೆ. ಸೊಪ್ಪಿನ ಪಲ್ಯಕ್ಕೆ ಹಿಂಡಿದ ನಿಂಬೆಯ ರಸ ಇದಕ್ಕೆ ವಿರುದ್ಧವಾಗಿ ಸಹಾಯಕ.

ಇನ್ನು ಹಾಸುಬಟ್ಟೆಯ ವಿಚಾರ. ಲೆಕ್ಕಪತ್ರದಲ್ಲಿ ‘ಸವಕಳಿ’ ಎಂಬ ಬಾಬ್ತಿದೆ. ಚಡಪಡಿಸುವ ಕಾಲುಗಳಿರುವ ಮನೆಯಲ್ಲಿ ಅದು ಹಾಸಿಗೆಯ ಕಾಲುಬುಡದಲ್ಲಿಯೇ ಕಣ್ಣಿಗೆ ಕಾಣುತ್ತದೆ. ರಾತ್ರಿಯಿಡೀ ಹಿಮ್ಮಡಿ ತಿಕ್ಕಿದೆಡೆ ನೂಲು ತೆಳುವಾಗಿ ಕೊನೆಗೆ ಹರಿಯುತ್ತದೆ; ಅಂಚುಗಳು ಮಾತ್ರ ಗಟ್ಟಿಯಾಗಿಯೇ ಉಳಿದಿರುತ್ತವೆ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸವೆದ ಭಾಗ ತಾನೇ ತಿಳಿಯುತ್ತದೆ.

60 ಅಂಗುಲ ಅಗಲ, 90 ಅಂಗುಲ ಉದ್ದದ ಹಾಸುಬಟ್ಟೆಯಲ್ಲಿ ಕಾಲುಬುಡದ 24 ಅಂಗುಲವನ್ನು ಕತ್ತರಿಸಿ ತೆಗೆದರೂ 66 ಅಂಗುಲ ಉಳಿಯುತ್ತದೆ. ಎರಡು ಪಕ್ಕಗಳಿಂದ 20 ಅಂಗುಲ ಅಗಲ, 64 ಅಂಗುಲ ಉದ್ದದ ಪಟ್ಟಿಗಳನ್ನು ತೆಗೆದರೆ, ಒಳಮಡಿಕೆ, ಹೊಲಿಗೆಯ ಅಂಚುಗಳೂ ಸೇರಿದಂತೆ 18ಕ್ಕೆ 28 ಅಂಗುಲದ ಎರಡು ದಿಂಬಿನ ಚೀಲಗಳಾದುವು. ನಡುವಿನ ತೆಳುಭಾಗವನ್ನು ಚೆನ್ನಾಗಿ ಕುದಿಸಿ ಒಗೆದು ಮೊಸರು ಕಟ್ಟಲು, ಬಾಲ್ಕನಿಯಲ್ಲಿ ಸಂಡಿಗೆ ಒಣಗಿಸಲು ಬಳಸಬಹುದು. ಪಾಲಿಯೆಸ್ಟರ್ ಬೆರೆತ ಬಟ್ಟೆಯು ನೀರನ್ನು ಚೆನ್ನಾಗಿ ಹೀರದು, ಬಿಸಿಗೆ ಕರಗುವುದೂ ಉಂಟು. ಅದನ್ನು ಬಿಸಿ ಪಾತ್ರೆ ಹಿಡಿಯಲು ಉಪಯೋಗಿಸಬಾರದು.

ಇನ್ನೊಂದು ಹಳೆಯ ಹಾಸುಬಟ್ಟೆಯನ್ನು ಎರಡು ಮೂರು ಪದರವಾಗಿ ಮಡಿಸಿ, ಹೊಸ ಹಾಸಿನ ಮೇಲೆ ಕಾಲುಬುಡದಲ್ಲಿ ಅಡ್ಡಲಾಗಿ ಹಾಸಿ ಸಿಕ್ಕಿಸಿದರೆ ಸವೆತವೆಲ್ಲ ಅದರ ಪಾಲಿಗೆ ಬರುತ್ತದೆ. ಹೊಸತು ಹೆಚ್ಚು ಕಾಲ ಬಾಳುತ್ತದೆ. ಬಿಸಿನೀರಿನ ಚೀಲಕ್ಕೆ ಇದೇ ಬಟ್ಟೆಯಿಂದ ದಪ್ಪನೆಯ ಕವಚವನ್ನೂ ಹೊಲಿಯಬಹುದು. ಆದರೆ ಪಾದದ ಸ್ಪರ್ಶಜ್ಞಾನ ಕುಂದಿದವರು ಬಿಸಿಯ ಶಾಖವನ್ನು ವರ್ಜಿಸಬೇಕು. ದಂಪತಿಗಳಿಗೆ ಬೇರೆ ಬೇರೆ ಹೊದಿಕೆಗಳಿದ್ದರೆ ಒಬ್ಬರ ಚಡಪಡಿಕೆ ಮತ್ತೊಬ್ಬರ ನಿದ್ದೆಯನ್ನು ಅಷ್ಟಾಗಿ ಕೆಡಿಸದು.

ಹಳೆಯ ಬಟ್ಟೆಗೆ ಹೊಸ ಬಾಳು ಕೊಡುವ ವಿದ್ಯೆ ನಮಗೆ ಹೊಸತೇನಲ್ಲ. ಉತ್ತರ ಕರ್ನಾಟಕದ ಕೌದಿ, ಉತ್ತರ ಕನ್ನಡದ ಸಿದ್ದಿ ಸ್ತ್ರೀಯರು ಹೊಲಿಯುವ ಕವಂಡಿ, ಪುಣೆ-ಮುಂಬಯಿಗಳ ನೆರೆಮನೆಯ ಗೋಧಡಿ ಒಂದೇ ಬಳಗದವು. ಕವಂಡಿಯ ಹೊಲಿಗೆ ಅಂಚಿನಿಂದ ಆರಂಭವಾಗಿ ನಡುವಿಗೆ ಬಂದು ಮುಗಿಯುತ್ತದೆ. ಇಂಥ ಕೌದಿಯ ಭಾರ ಕಾಲಮೇಲೆ ಬಿದ್ದರೆ ಕೆಲವರಿಗೆ ನೆಮ್ಮದಿ. ಸೆಖೆಯ ಚೆನ್ನೈಯಲ್ಲಿ ಅದು ಎಲ್ಲರಿಗೂ ಒಗ್ಗದು.

ಮನೆಯಲ್ಲಿ ಯಾರ ಹಾಸುಬಟ್ಟೆ ಕಾಲುಬುಡದಲ್ಲಿ ಪದೇಪದೇ ಹರಿಯುತ್ತದೆಯೋ ಅವರಿಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂದು ಒಮ್ಮೆ ವಿಚಾರಿಸಬೇಕು. ‘ಇಲ್ಲ’ವೆಂಬ ಉತ್ತರ ಬಂದಲ್ಲಿ ಬಟ್ಟೆಯನ್ನು ಹೊಲಿಗೆಗೆ ಹಾಕುವುದರೊಂದಿಗೆ, ಅವರನ್ನು ವೈದ್ಯರಲ್ಲಿಗೂ ಕರೆದೊಯ್ಯಬೇಕು.