ಚಳಿಗಾಲದ ಕೊಟ್ಟಿಗೆ: ಮೊದಲು ತೇವ ತೆಗೆಯಿರಿ, ಆಮೇಲೆ ದುಡ್ಡು ತೆಗೆಯಿರಿ



ದೀಪಾವಳಿ ಮುಗಿದಿದೆ, ರಾಗಿ ಕೊಯ್ಲು ಶುರುವಾಗಿದೆ. ಬೆಳಗಿನ ಜಾವ ಹಾಲು ಕರೆಯಲು ಎದ್ದರೆ ಬಕೆಟ್ಟಿನ ಹಿಡಿ ಮುಟ್ಟಲಾಗದಷ್ಟು ತಣ್ಣಗಿರುತ್ತದೆ. ಇನ್ನು ಸಂಕ್ರಾಂತಿ ದಾಟುವವರೆಗೆ ಹೀಗೆಯೇ. ಈ ಎರಡು ಮೂರು ತಿಂಗಳಿಗೆ ಕೊಟ್ಟಿಗೆಯನ್ನು ಕಡಿಮೆ ಖರ್ಚಿನಲ್ಲಿ ಸಿದ್ಧ ಮಾಡಿಕೊಳ್ಳುವುದು ಹೇಗೆ, ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂದು ಈ ಲೇಖನದಲ್ಲಿ ಹೇಳುತ್ತೇನೆ.

ಇದನ್ನು ಬರೆಯಲು ಒಂದು ಕಾರಣವಿದೆ. ಹೋದ ವರ್ಷ ಪುಷ್ಯ ಮಾಸದಲ್ಲಿ ಒಂದು ಹಳ್ಳಿಯಿಂದ ಬೆಳಗ್ಗೆಯೇ ಫೋನ್ ಬಂತು. ಮೂರು ವಾರದ ಹೆಣ್ಣು ಕರು, ಎರಡು ದಿನದಿಂದ ಕೆಮ್ಮು, ಹಾಲು ಕುಡಿಯುತ್ತಿಲ್ಲ. ಹೋಗಿ ನೋಡಿದರೆ ಕೊಟ್ಟಿಗೆಯ ನಾಲ್ಕೂ ಕಡೆ ಹೊಸ ಟಾರ್ಪಾಲು, ಸೂರಿನವರೆಗೂ ಬಿಗಿಯಾಗಿ ಕಟ್ಟಿತ್ತು. ಒಳಗೆ ಕಾಲಿಟ್ಟ ಕೂಡಲೇ ಗಂಜಲದ ವಾಸನೆಗೆ ನನ್ನ ಕಣ್ಣು ಉರಿಯಿತು. ಕರುವಿಗೆ ನ್ಯುಮೋನಿಯಾ ಆಗಿತ್ತು. ಚಿಕಿತ್ಸೆ ಕೊಟ್ಟರೂ ನಾಲ್ಕನೇ ದಿನ ಹೋಯಿತು. ಆ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: "ಮೇಡಂ, ಕೊಟ್ಟಿಗೆ ಬೆಚ್ಚಗಿಡಿ ಅಂತ ಮೀಟಿಂಗಲ್ಲಿ ನೀವೇ ಅಲ್ವಾ ಹೇಳಿದ್ದು?"

ಹೌದು, ನಾನೇ ಹೇಳಿದ್ದೆ. ಆದರೆ ಹೇಗೆ ಬೆಚ್ಚಗಿಡಬೇಕು ಎಂದು ಬಿಡಿಸಿ ಹೇಳಿರಲಿಲ್ಲ. ಆ ಟಾರ್ಪಾಲಿಗೆ ಅವರು ಎರಡು ಬಟವಾಡೆಯ ದುಡ್ಡು ಹಾಕಿದ್ದರು. ಅಂದು ಹೇಳದೆ ಬಿಟ್ಟದ್ದನ್ನು ಈಗ ಹೇಳುತ್ತಿದ್ದೇನೆ.

ಚಳಿ ಹಸುವಿಗೋ, ಕರುವಿಗೋ?

ನಮ್ಮ ಬಯಲು ಸೀಮೆಯಲ್ಲಿ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಉಷ್ಣಾಂಶ ಸಾಮಾನ್ಯವಾಗಿ 12ರಿಂದ 16 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಕೆಲವು ದಿನ 10ರ ಹತ್ತಿರಕ್ಕೂ ಇಳಿಯುತ್ತದೆ. ಚೆನ್ನಾಗಿ ಮೇವು ತಿನ್ನುವ ದೊಡ್ಡ ಹಸುವಿಗೆ ಇದು ಕಷ್ಟವಲ್ಲ. ಅದರ ಮೊದಲ ಹೊಟ್ಟೆಯಲ್ಲಿ ಹುಲ್ಲು ಹುದುಗುವಾಗ ಶಾಖ ಹುಟ್ಟುತ್ತದೆ. ಹಸುವಿನ ಹೊಟ್ಟೆಯೊಳಗೇ ಒಂದು ಒಲೆ ಉರಿಯುತ್ತಿರುತ್ತದೆ ಎಂದುಕೊಳ್ಳಿ. ಎಚ್ಎಫ್ ಮಿಶ್ರತಳಿ ಹಸುಗಳಿಗಂತೂ ಬೇಸಿಗೆಯ ಸೆಕೆಗಿಂತ ಈ ಚಳಿಯೇ ಹಿತ.

ಎಳೆಗರುವಿನ ವಿಷಯ ಬೇರೆ. ಅದರ ಹೊಟ್ಟೆಯಲ್ಲಿ ಆ ಒಲೆ ಇನ್ನೂ ಹತ್ತಿರುವುದಿಲ್ಲ. ಮೈಯಲ್ಲಿ ಕೊಬ್ಬೂ ಕಡಿಮೆ. ಸುಮಾರು 15 ಡಿಗ್ರಿಗಿಂತ ಕೆಳಗೆ ಹೋದರೆ, ಕುಡಿದ ಹಾಲಿನ ಒಂದು ಪಾಲು ಬೆಳವಣಿಗೆಗೆ ಹೋಗುವ ಬದಲು ಮೈ ಕಾಯಿಸಿಕೊಳ್ಳುವುದಕ್ಕೇ ಹೋಗುತ್ತದೆ. ಆದ್ದರಿಂದ ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲ ಪಾಲು ಕರುವಿಗಿರಲಿ. ಹಸುವನ್ನು ಬೆಚ್ಚಗಿಡಲು ಏನನ್ನೂ ಕೊಳ್ಳಬೇಕಾಗಿಲ್ಲ.

ತೇವ ಹೋಗಬೇಕು, ಗಾಳಿ ಆಡಬೇಕು

ಒದ್ದೆ ಸೀರೆಯಲ್ಲಿ ಗಾಳಿಗೆ ನಿಂತರೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಅದೇ ಗಾಳಿಯಲ್ಲಿ ಒಣ ಬಟ್ಟೆ ಉಟ್ಟು ನಿಂತರೆ ಅಷ್ಟು ನಡುಕ ಬರುವುದಿಲ್ಲ. ಕರುವಿಗೂ ಹಾಗೆಯೇ. ಒಣಗಿದ ಕೂದಲು ಮೈ ಶಾಖವನ್ನು ಹಿಡಿದಿಡುತ್ತದೆ, ನೆನೆದ ಕೂದಲು ಬಿಟ್ಟುಬಿಡುತ್ತದೆ. ಗಂಜಲ ನಿಂತ ನೆಲದಲ್ಲಿ ಮಲಗಿದ ಕರುವನ್ನು ಯಾವ ಟಾರ್ಪಾಲೂ ಬೆಚ್ಚಗಿಡಲಾರದು.

ಇನ್ನು ಗಾಳಿ. ಕೊಟ್ಟಿಗೆಯನ್ನು ಪೂರ್ತಿ ಮುಚ್ಚಿದರೆ ಗಂಜಲದಿಂದ ಏಳುವ ಅಮೋನಿಯಾ ಮತ್ತು ದನಗಳ ಉಸಿರಿನ ತೇವ ಹೊರಗೆ ಹೋಗಲು ದಾರಿಯಿರುವುದಿಲ್ಲ. ಅಮೋನಿಯಾ ಶ್ವಾಸಕೋಶದ ಒಳಪದರವನ್ನು ಕೆಣಕುತ್ತದೆ. ರೋಗಾಣುಗಳಿಗೆ ಅಲ್ಲಿಂದ ದಾರಿ ಸುಲಭ. ಹಾಗಾಗಿ ಗಾಳಿಯನ್ನು ತಡೆಯಬೇಕಾದದ್ದು ಕರು ಮಲಗುವ ಎತ್ತರದಲ್ಲಿ ಮಾತ್ರ. ನೆಲದಿಂದ ಮೂರು ನಾಲ್ಕು ಅಡಿಯವರೆಗೆ ಮರೆ ಇರಲಿ, ಅದರ ಮೇಲೆ ಸೂರಿನವರೆಗೆ ತೆರೆದೇ ಇರಲಿ.

ನಮ್ಮಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ ಮತ್ತು ಈಶಾನ್ಯದಿಂದ ಬೀಸುತ್ತದೆ. ಆ ಎರಡು ಕಡೆ ಹಳೆಯ ಗೋಣಿಚೀಲ ಹೊಲಿದು ಕಟ್ಟಿದರೆ ಅಥವಾ ತೆಂಗಿನ ಗರಿ ಹೆಣೆದು ನಿಲ್ಲಿಸಿದರೆ ಸಾಕು. ಬಿಸಿಲು ಏರಿದ ಮೇಲೆ ಮೇಲಕ್ಕೆ ಸುತ್ತಿ ಕಟ್ಟಿ. ಬೆಳಗಿನ ಬಿಸಿಲು ಒಳಗೆ ಬಿದ್ದರೆ ನೆಲವೂ ಒಣಗುತ್ತದೆ.

ನಿಮ್ಮ ಕೊಟ್ಟಿಗೆ ಸರಿಯಿದೆಯೇ ಎಂದು ನೋಡಲು ಎರಡು ಪರೀಕ್ಷೆಗಳಿವೆ. ಇವಕ್ಕೆ ಡಾಕ್ಟರು ಬೇಕಿಲ್ಲ.

ಮಂಡಿ ಪರೀಕ್ಷೆ: ಕರು ಮಲಗುವ ಜಾಗದಲ್ಲಿ ಮಂಡಿಯೂರಿ, ನಿಧಾನವಾಗಿ ಇಪ್ಪತ್ತು ಎಣಿಸಿ. ಎದ್ದಾಗ ಸೀರೆ ಒದ್ದೆಯಾಗಿದ್ದರೆ ಹಾಸು ಬದಲಿಸಬೇಕು.

ಮೂಗಿನ ಪರೀಕ್ಷೆ: ಬೆಳಗಿನ ಜಾವ, ಸಗಣಿ ಬಾಚುವ ಮುಂಚೆ, ಕರುವಿನ ಮೂಗಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕುಳಿತುಕೊಳ್ಳಿ. ಕಣ್ಣು ಉರಿದರೆ, ಮೂಗಿಗೆ ಖಾರ ಹೊಡೆದರೆ, ಗಾಳಿ ಸಾಲದು ಎಂದು ಅರ್ಥ. ನಿಂತುಕೊಂಡು ನೋಡಿದರೆ ಇದು ತಿಳಿಯುವುದಿಲ್ಲ. ಗಂಜಲ ಇರುವುದು ನೆಲದಲ್ಲಿ, ಕರು ಉಸಿರಾಡುವುದೂ ಅಲ್ಲೇ.

ದುಡ್ಡಿಲ್ಲದೆ ಆಗುವ ಕೆಲಸಗಳು

1. ಗಂಜಲದ ಕಾಲುವೆ. ಗುದ್ದಲಿ ಹಿಡಿದು ಅರ್ಧ ದಿನದಲ್ಲಿ ಮುಗಿಯುವ ಕೆಲಸ. ನೆಲ ಕಾಲುವೆಯ ಕಡೆಗೆ ಇಳಿಜಾರಾಗಿರಲಿ. ಗುಂಡಿ ಬಿದ್ದ ಕಡೆ ಮಣ್ಣು ತುಂಬಿ ಗಟ್ಟಿಸಿ.

2. ಒಣ ಹಾಸು. ಹಸು ತಿಂದು ಬಿಟ್ಟ ರಾಗಿ ಹುಲ್ಲು, ಒಣಗಿದ ಕಬ್ಬಿನ ತರಗು, ಭತ್ತದ ಹೊಟ್ಟು, ಯಾವುದಾದರೂ ಸರಿ. ಕರು ಮಲಗಿದರೆ ಕಾಲು ಅರ್ಧ ಮುಚ್ಚುವಷ್ಟು ದಪ್ಪ ಇರಲಿ. ನೆನೆದದ್ದನ್ನು ದಿನವೂ ತೆಗೆದು ತಿಪ್ಪೆಗೆ ಹಾಕಿ. ಹಾಸೂ ಗಂಜಲವೂ ಸೇರಿದ ಗೊಬ್ಬರ ಹೊಲಕ್ಕೆ ಒಳ್ಳೆಯದು. ಬೂಷ್ಟು ಹಿಡಿದ ಹುಲ್ಲು ಮಾತ್ರ ಬೇಡ.

3. ಆಗ ತಾನೇ ಎತ್ತಿದ ನೀರು. ರಾತ್ರಿಯಿಡೀ ತೊಟ್ಟಿಯಲ್ಲಿದ್ದ ನೀರು ಕೊರೆಯುತ್ತಿರುತ್ತದೆ. ಹಸು ಮೂತಿ ಇಟ್ಟು ತೆಗೆದುಬಿಡುತ್ತದೆ. ನೀರು ಕಡಿಮೆ ಕುಡಿದರೆ ಮೇವೂ ಕಡಿಮೆ, ಹಾಲೂ ಕಡಿಮೆ. ಕೊಳವೆಬಾವಿಯಿಂದ ಆಗಷ್ಟೇ ಬಂದ ನೀರು ಬೆಳಗಿನ ಹೊತ್ತು ಉಗುರು ಬೆಚ್ಚಗಿರುತ್ತದೆ. ಅದನ್ನೇ ಕೊಡಿ. ನಲ್ಲಿ ನೀರಾದರೆ ಬಿಸಿಲೇರಿದ ಮೇಲೆ ಇನ್ನೊಂದು ಸಲ ಇಡಿ.

4. ಸಂಜೆ ಒಣಹುಲ್ಲು ಹೆಚ್ಚು. ಹಸಿಮೇವನ್ನು ಹಗಲು ಹಾಕಿ, ಒಣಹುಲ್ಲಿನ ದೊಡ್ಡ ಪಾಲನ್ನು ರಾತ್ರಿಗಿಡಿ. ಹೊಟ್ಟೆಯ ಒಲೆಗೆ ಅದೇ ಸೌದೆ.

5. ಮೈ ತೊಳೆಯುವುದು ಹತ್ತು ಗಂಟೆಯ ಮೇಲೆ. ಬೆಳಗಿನ ಜಾವ ಹಸುವಿನ ಮೈ ಮೇಲೆ ನೀರು ಹಾಕಬೇಡಿ. ಕೆಚ್ಚಲನ್ನು ಮಾತ್ರ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಒಣಬಟ್ಟೆಯಿಂದ ಒರೆಸಿ ಹಾಲು ಕರೆಯಿರಿ. ತೇವ ಉಳಿದರೆ ಮೊಲೆತೊಟ್ಟು ಒಡೆಯುತ್ತದೆ, ಒಡೆದ ತೊಟ್ಟಿನಲ್ಲಿ ರೋಗಾಣು ಸೇರಿಕೊಳ್ಳುತ್ತದೆ.

6. ಕರೆದ ಮೇಲೆ ಮೇವು. ಹಾಲು ಕರೆದ ನಂತರ ತೊಟ್ಟಿನ ತೂತು ಪೂರ್ತಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆಗಲೇ ಹಸು ಒದ್ದೆ ನೆಲದಲ್ಲಿ ಮಲಗಿದರೆ ಕೆಚ್ಚಲು ಬಾವಿಗೆ ನಾವೇ ಬಾಗಿಲು ತೆರೆದಂತೆ. ಗೋದಲಿಗೆ ಮೇವು ಹಾಕಿದರೆ ಹಸು ತಿನ್ನುತ್ತಾ ನಿಂತಿರುತ್ತದೆ.

ಕರುವಿನ ಹಾಲಿನಲ್ಲಿ ಉಳಿತಾಯ ಬೇಡ

ಚಳಿಗಾಲದಲ್ಲಿ ಕರು ಹುಟ್ಟಿದರೆ ಮೊದಲ ಕೆಲಸ ಮೈ ಒಣಗಿಸುವುದು. ತಾಯಿ ನೆಕ್ಕಲಿ, ನೀವೂ ಹಳೆಯ ಬಟ್ಟೆಯಲ್ಲಿ ಗಟ್ಟಿಯಾಗಿ ಉಜ್ಜಿ. ಹೊಕ್ಕುಳ ಬಳ್ಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ. ಎರಡು ಗಂಟೆಯೊಳಗೆ ಎರಡರಿಂದ ಎರಡೂವರೆ ಲೀಟರ್ ಗಿಣ್ಣುಹಾಲು ಕುಡಿಸಿ, ಹನ್ನೆರಡು ಗಂಟೆಯೊಳಗೆ ಮತ್ತೊಮ್ಮೆ ಅಷ್ಟೇ. ಕಸ ಬೀಳಲಿ ಆಮೇಲೆ ಕುಡಿಸೋಣ ಎಂದು ಕಾಯಬೇಡಿ. ಗಿಣ್ಣಿನ ರೋಗನಿರೋಧಕ ಅಂಶವನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಆಮೇಲೆ ದಿನಕ್ಕೆ ಮೈತೂಕದ ಹತ್ತನೇ ಒಂದು ಪಾಲು ಹಾಲು. 30 ಕಿಲೋ ಕರುವಿಗೆ ದಿನಕ್ಕೆ 3 ಲೀಟರ್, ಆಗ ಕರೆದ ಬಿಸಿಯಲ್ಲೇ. ಚಳಿಯ ದಿನಗಳಲ್ಲಿ ಇದರ ಮೇಲೆ ಅರ್ಧ ಲೀಟರ್ ಕೊಡಿ ಎಂದು ನಾನು ಹೇಳಿದರೆ, ಡೈರಿಗೆ ಹಾಕುವ ಹಾಲು ಕಡಿಮೆಯಾಗುತ್ತದೆ ಎನ್ನುತ್ತೀರಿ. ನಿಜ. ಲೆಕ್ಕ ಹಾಕೋಣ. ದಿನಕ್ಕೆ ಅರ್ಧ ಲೀಟರಿನಂತೆ 60 ದಿನಕ್ಕೆ 30 ಲೀಟರ್. ನಿಮ್ಮ ಸಂಘದ ದರದಿಂದ ಗುಣಿಸಿ ನೋಡಿ. ಇನ್ನೊಂದು ಕಡೆ, ನಾಳೆ ನಿಮ್ಮದೇ ಕೊಟ್ಟಿಗೆಯಲ್ಲಿ ಹಸುವಾಗಿ ನಿಲ್ಲುವ ಹೆಣ್ಣು ಕರುವನ್ನಿಡಿ. ಅಂಥದ್ದೇ ಒಂದು ಹಸುವನ್ನು ಸಂತೆಯಲ್ಲಿ ಕೊಳ್ಳಲು ಎಷ್ಟು ಸಾಲ ಬೇಕು ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ರಾತ್ರಿ ಹೊದಿಸಲು ಒಗೆದ ಗೋಣಿಚೀಲ ಸಾಕು. ಬೆನ್ನು, ಪಕ್ಕೆ ಮುಚ್ಚುವಂತೆ ಹಾಕಿ, ಎದೆಯ ಹತ್ತಿರ ಸಡಿಲವಾಗಿ ಕಟ್ಟಿ. ದಾರ ಹೊಕ್ಕುಳಿಗೆ ತಾಗಬಾರದು. ಬೆಳಗ್ಗೆ ತೆಗೆದು ಬಿಸಿಲಿಗೆ ಹಾಕಿ, ಏಕೆಂದರೆ ಒದ್ದೆ ಗೋಣಿ ಹೊದಿಸುವುದಕ್ಕಿಂತ ಹೊದಿಸದಿರುವುದೇ ಮೇಲು. ಗೊಬ್ಬರದ ಪ್ಲಾಸ್ಟಿಕ್ ಚೀಲ ಬೇಡ, ಅದರೊಳಗೆ ಮೈ ಬೆವರುತ್ತದೆ.

ದುಡ್ಡು ಹಾಕಬೇಕಾದ ಕಡೆ, ಈ ಕ್ರಮದಲ್ಲಿ

ಮೊದಲನೆಯದು, ಒಂದು ಬಾಟಲಿ ಅಯೋಡಿನ್ ಮತ್ತು ಔಷಧಿ ಅಂಗಡಿಯಲ್ಲಿ ಸಿಗುವ ಒಂದು ಡಿಜಿಟಲ್ ಥರ್ಮಾಮೀಟರ್.

ಎರಡನೆಯದು, ಜಂತು ಔಷಧಿ. ಮಳೆಗಾಲದ ಹುಲ್ಲಿನೊಂದಿಗೆ ಹೊಟ್ಟೆ ಸೇರಿದ ಹುಳು ಈಗ ಮೇವಿನಲ್ಲಿ ಪಾಲು ಕೇಳುತ್ತಿರುತ್ತದೆ. ಎಷ್ಟು, ಯಾವುದು ಎಂದು ನಿಮ್ಮ ಪಶುವೈದ್ಯರನ್ನು ಕೇಳಿಯೇ ಕೊಡಿ. ಗಬ್ಬದ ಹಸು ಎಂದು ಹೇಳಲು ಮರೆಯಬೇಡಿ.

ಮೂರನೆಯದು, ಖನಿಜ ಮಿಶ್ರಣ. ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಗ್ರಾಂ ಹಿಂಡಿಯಲ್ಲಿ ಕಲಸಿ ಕೊಡಿ.

ನಾಲ್ಕನೆಯದು, ಬೇಸಿಗೆಯ ಹುಲ್ಲು. ಕೈಯಲ್ಲಿ ಇನ್ನೂ ದುಡ್ಡು ಉಳಿದರೆ ಅದನ್ನು ಇಲ್ಲಿಗೆ ಹಾಕಿ. ಕೊಯ್ಲಿನ ಸಮಯದಲ್ಲಿ ಸಿಗುವ ಬೆಲೆಗೆ ಯುಗಾದಿಯ ಹೊತ್ತಿಗೆ ರಾಗಿ ಹುಲ್ಲು ಸಿಗುವುದಿಲ್ಲ. ಒಂದು ಹಸುವಿಗೆ ದಿನಕ್ಕೆ 5 ಕಿಲೋ ಹಿಡಿದರೂ ನಾಲ್ಕು ತಿಂಗಳಿಗೆ 600 ಕಿಲೋ ಬೇಕು. ಮೆದೆಯನ್ನು ನೆಲಕ್ಕೆ ತಾಗದಂತೆ ಕಲ್ಲು, ಮರದ ಮೇಲೆ ಹಾಕಿ. ಕಾರ್ತಿಕದಲ್ಲಿ ವಾಯುಭಾರ ಕುಸಿತದ ಮಳೆ ಬರುವುದುಂಟು. ಮನೆಯಲ್ಲಿ ಟಾರ್ಪಾಲು ಇದ್ದರೆ ಅದರ ಜಾಗ ಮೆದೆಯ ಮೇಲೆ.

ಕಾಲುಬಾಯಿ ಜ್ವರದ ಲಸಿಕೆಗೆ ದುಡ್ಡಿಲ್ಲ. ಲಸಿಕೆ ತಂಡ ಊರಿಗೆ ಬಂದ ದಿನ ದನಗಳನ್ನು ಮೇಯಲು ಬಿಡದೆ ಮನೆಯಲ್ಲೇ ಕಟ್ಟಿಕೊಳ್ಳಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದುರೋಗದ ಲಸಿಕೆಯನ್ನೂ ಕೇಳಿ ಹಾಕಿಸಿ.

ಬೆಂಕಿ, ಹೊಗೆ ಬೇಡ

ಚಳಿಗೆಂದು ಕೊಟ್ಟಿಗೆಯೊಳಗೆ ಕೆಂಡದ ಬಾಣಲೆ ಇಡಬೇಡಿ. ಒಣಹುಲ್ಲಿಗೆ ಒಂದು ಕಿಡಿ ಸಾಕು. ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ ಹಾಕುವುದಿದ್ದರೆ ಸಂಜೆ ಸ್ವಲ್ಪ ಹೊತ್ತು, ಹೊರಗೆ, ನೀವು ಅಲ್ಲೇ ಇರುವಾಗ ಮಾತ್ರ. ಮುಚ್ಚಿದ ಕೊಟ್ಟಿಗೆಯ ಹೊಗೆಯನ್ನು ಕರುವಿನ ಜೊತೆಗೆ ನೀವೂ ಕುಡಿಯುತ್ತೀರಿ. ಚಳಿಗಾಲವಿಡೀ ಹೋಗದ ನಿಮ್ಮ ಕೆಮ್ಮಿಗೆ ಅದೂ ಒಂದು ಕಾರಣವಿರಬಹುದು.

ಇವು ಕಂಡರೆ ಕಾಯಬೇಡಿ

ಕರು ಹಾಲು ಬಿಟ್ಟರೆ, ಮಲಗಿದಲ್ಲೇ ಕಿವಿ ಜೋಲು ಬಿಟ್ಟಿದ್ದರೆ, ಉಸಿರಾಡುವಾಗ ಹೊಟ್ಟೆ ಪಕ್ಕ ಎದ್ದು ಬಿದ್ದು ಮಾಡುತ್ತಿದ್ದರೆ, ಕೆಮ್ಮು ಅಥವಾ ನೀರಿನಂಥ ಭೇದಿ ಇದ್ದರೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 103.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಅಥವಾ 100ಕ್ಕಿಂತ ಕಡಿಮೆಯಿದ್ದರೆ ಅದೇ ಹೊತ್ತಿಗೆ ಫೋನ್ ಮಾಡಿ. ಜ್ವರಕ್ಕಿಂತ ಮೈ ತಣ್ಣಗಾಗುವುದು ಹೆಚ್ಚು ಅಪಾಯ. ಥರ್ಮಾಮೀಟರ್ ಇಲ್ಲದಿದ್ದರೂ ಫೋನ್ ಮಾಡಿ. ನಾಳೆ ಬೆಳಗ್ಗೆ ನೋಡೋಣ ಎಂದು ಬಿಟ್ಟ ಕರುಗಳನ್ನೇ ನಾನು ಹೆಚ್ಚಾಗಿ ಕಳೆದುಕೊಂಡಿರುವುದು.

ಮೇಲೆ ಹೇಳಿದ ಆ ತಾಯಿಯ ಇನ್ನೊಂದು ಹಸು ಹೋದ ತಿಂಗಳು ಕರು ಹಾಕಿದೆ. ಕಳೆದ ವಾರ ಆ ಕಡೆ ಹೋದಾಗ ಇಳಿದು ನೋಡಿದೆ. ಟಾರ್ಪಾಲು ಹುಲ್ಲಿನ ಮೆದೆಯ ಮೇಲಿತ್ತು. ಕೊಟ್ಟಿಗೆಗೆ ಸೊಂಟದೆತ್ತರಕ್ಕೆ ಗೋಣಿಚೀಲ ಕಟ್ಟಿದ್ದರು, ಅಷ್ಟೇ. ಕರುವಿನ ಜಾಗದಲ್ಲಿ ಮಂಡಿಯೂರಿ ಇಪ್ಪತ್ತು ಎಣಿಸಿದೆ. ಒಣಗಿತ್ತು.

ಇಂದು ಸಂಜೆ ಹಾಲು ಕರೆದ ಮೇಲೆ ನೀವೂ ಒಮ್ಮೆ ಎಣಿಸಿ ನೋಡಿ.