ವಿಷದ ದಾರಿಗೆ ಅಡ್ಡ ನಿಂತ ಕಬ್ಬಿಣ

ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಯಂತ್ರದ ಬಿಡಿಭಾಗಗಳ ಜಿಡ್ಡು ತೆಗೆಯಲು ಕಾರ್ಖಾನೆಗಳು ದಶಕಗಳ ಕಾಲ ಅದನ್ನು ಬಳಸಿದವು. ಎಷ್ಟೋ ಕಡೆ ಉಳಿದದ್ದು ನೆಲಕ್ಕೇ ಇಳಿಯಿತು. ಪೆಟ್ರೋಲಿನಂತೆ ಅದು ಅಂತರ್ಜಲದ ಮೇಲೆ ತೇಲುವುದಿಲ್ಲ. ತಳಕ್ಕಿಳಿದು, ಜೇಡಿಪದರದ ಮೇಲೆ ಕೂತು, ಹಾದುಹೋಗುವ ನೀರಿಗೆ ಸ್ವಲ್ಪಸ್ವಲ್ಪವೇ ಕರಗುತ್ತಿರುತ್ತದೆ. ಕುಡಿಯುವ ನೀರಿನಲ್ಲಿ ಅಮೆರಿಕ ಅದಕ್ಕೆ ಹಾಕಿರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಅಂದರೆ ಒಂದು ಪೀಪಾಯಿ ದ್ರಾವಕ ಸಾಕು, ಊರಿನ ಬಾವಿಗಳೆಲ್ಲ ಕೆಡಲು.

ಮೊದಮೊದಲು ಎಲ್ಲರಿಗೂ ಹೊಳೆದದ್ದು ಪಂಪು. ನೀರನ್ನು ಮೇಲೆತ್ತಿ ಶುದ್ಧಮಾಡಿದರಾಯಿತು ಎಂಬ ಲೆಕ್ಕ. ಆದರೆ ಜೇಡಿಯೊಳಗೆ ಹೊಕ್ಕ ವಿಷ ಮತ್ತೆಮತ್ತೆ ಹೊರಬರುತ್ತಿತ್ತು, ಪಂಪು ವರ್ಷಗಟ್ಟಲೆ ಓಡುತ್ತಲೇ ಇರಬೇಕಾಯಿತು.

ಹಾಗಾಗಿ ವಿಷ ನೆಲದಡಿ ಹೇಗೆ ಸಾಗುತ್ತದೆಂದು ಮೊದಲು ತಿಳಿಯಬೇಕಿತ್ತು. ಮರಳಿನಲ್ಲಿ ನೀರು ಹರಿಯುವ ನಿಯಮ ಗೊತ್ತಿಲ್ಲದ್ದೇನಲ್ಲ. ಫ್ರಾನ್ಸಿನ ದೀಜೋನ್ ಊರಿಗೆ ನೀರು ತಂದ ಎಂಜಿನಿಯರ್ ಆನ್ರಿ ಡಾರ್ಸಿ 1856ರಲ್ಲೇ ಅದನ್ನು ಪ್ರಕಟಿಸಿದ್ದ. ಆದರೆ ನೀರಿನ ಜೊತೆ ಹೊರಟ ರಾಸಾಯನಿಕ ಎಲ್ಲಿ ಹಿಂದುಳಿಯುತ್ತದೆ, ಎಷ್ಟು ಹರಡುತ್ತದೆ ಎಂಬುದನ್ನು ನೆಲದಲ್ಲೇ ಅಳೆಯಬೇಕಿತ್ತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜಾನ್ ಚೆರ್ರಿ ಮತ್ತು ಸಂಗಡಿಗರು ಅದಕ್ಕೆ ಆರಿಸಿಕೊಂಡ ಜಾಗ ಒಂಟಾರಿಯೊದ ಬೋರ್ಡನ್ ಸೇನಾನೆಲೆ. 1982ರಲ್ಲಿ ಸ್ಟ್ಯಾನ್‌ಫರ್ಡ್‌ನವರ ಜೊತೆಗೂಡಿ, ಕ್ಲೋರೈಡ್ ಮತ್ತು ಐದು ದ್ರಾವಕಗಳು ಬೆರೆತ ಸುಮಾರು 12 ಘನ ಮೀಟರ್ ನೀರನ್ನು ಅಲ್ಲಿನ ಮರಳಿಗೆ ಬಿಟ್ಟರು. ಆ ನೀರು ದಿನಕ್ಕೆ ಒಂಬತ್ತು ಸೆಂಟಿಮೀಟರಿನಷ್ಟು ಸರಿಯುತ್ತಿತ್ತು. ಬೇರೆಬೇರೆ ಆಳದಲ್ಲಿ ಇಳಿಬಿಟ್ಟ ಸಾವಿರಾರು ಸಣ್ಣ ಕೊಳವೆಬಾಯಿಗಳಿಂದ ಮಾದರಿ ತೆಗೆಯುತ್ತ ವರ್ಷಗಳ ಕಾಲ ಅದರ ಬೆನ್ನುಹತ್ತಿದರು. ಕ್ಲೋರೈಡ್ ನೀರಿನ ಸಮಕ್ಕೆ ನಡೆಯಿತು. ದ್ರಾವಕಗಳು ಮರಳಿನ ಕಣಗಳಿಗೆ ಅಂಟಿ, ಬಿಟ್ಟು, ಹಿಂದುಳಿದವು. ಸಂಶೋಧನೆಗೆ ಇಂಥ ತಾಳ್ಮೆ ಬೇಕೆಂದು ನನಗೆ ಮತ್ತೆಮತ್ತೆ ಅನಿಸುತ್ತದೆ. ನೆಲದಡಿಯ ನೀರು ಯಾರ ಅವಸರಕ್ಕೂ ಓಡುವುದಿಲ್ಲ.

ಮಾದರಿ ತೆಗೆಯುವ ಕೊಳವೆಯೇ ದ್ರಾವಕವನ್ನು ಹೀರಿಕೊಂಡರೆ ಅಳತೆ ಸುಳ್ಳಾಗುತ್ತದಲ್ಲ? ವಾಟರ್ಲೂವಿನಲ್ಲೇ ರಾಬರ್ಟ್ ಗಿಲ್ಹಮ್ ಅವರ ಗುಂಪು ಇದನ್ನು ಪರೀಕ್ಷಿಸಿತು. ಪ್ಲಾಸ್ಟಿಕ್ ಹೀರಿಕೊಂಡಿತು, ಅದು ನಿರೀಕ್ಷಿತವೇ. ಆದರೆ ಲೋಹದ ಜೊತೆಗಿಟ್ಟ ನೀರಿನಲ್ಲೂ ದ್ರಾವಕ ಕಡಿಮೆಯಾಗಿತ್ತು. ಲೋಹ ಹೀರುವುದಿಲ್ಲ, ಹಾಗಾದರೆ ದ್ರಾವಕ ಒಡೆದುಹೋಗಿರಬೇಕು. ತುಕ್ಕು ಹಿಡಿಯುವ ಕಬ್ಬಿಣ ಬಿಟ್ಟುಕೊಡುವ ಎಲೆಕ್ಟ್ರಾನುಗಳು ಅದರ ಕ್ಲೋರಿನ್ನನ್ನು ಕಳಚುತ್ತಿದ್ದವು.

ಇದನ್ನೇ ನೆಲದಲ್ಲಿ ಪರೀಕ್ಷಿಸಲು 1991ರಲ್ಲಿ ಅದೇ ಬೋರ್ಡನ್ ಮರಳಿನಲ್ಲಿ, ಹರಿವಿಗೆ ಅಡ್ಡವಾಗಿ, 1.6 ಮೀಟರ್ ದಪ್ಪದ ಗೋಡೆ ಹೂತರು. ಅದರಲ್ಲಿ ಕಬ್ಬಿಣದ ಪುಡಿ 22 ಪಾಲು, ಮಿಕ್ಕ 78 ಪಾಲು ದಪ್ಪ ಮರಳು. ಇಲ್ಲಿದೆ ದ್ರವಚಲನಶಾಸ್ತ್ರದ ಸೂಕ್ಷ್ಮ: ಗೋಡೆ ಸುತ್ತಲ ನೆಲಕ್ಕಿಂತ ಸಲೀಸಾಗಿ ನೀರು ಬಿಡಬೇಕು, ಇಲ್ಲವಾದರೆ ನೀರು ಬಳಸಿಕೊಂಡು ಹೋಗುತ್ತದೆ. ದಪ್ಪವೂ ಲೆಕ್ಕದ್ದೇ, ಆ ನಿಧಾನದ ಹರಿವು ಗೋಡೆ ದಾಟುವಷ್ಟರಲ್ಲಿ ಎರಡು ವಾರ ಮೀರುತ್ತದೆ, ಕಬ್ಬಿಣಕ್ಕೆ ಕೆಲಸ ಮಾಡಲು ಅಷ್ಟು ಹೊತ್ತು ಸಿಗುತ್ತದೆ. ಆಚೆ ಬದಿಯ ನೀರಿನಲ್ಲಿ ಟ್ರೈಕ್ಲೋರೋಎಥಿಲೀನ್ ಶೇ. 90ರಷ್ಟು ಇಳಿದಿತ್ತು. ಪಂಪಿಲ್ಲ, ಕರೆಂಟಿಲ್ಲ.

1990ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಸನಿವೇಲ್‌ನ ಕಾರ್ಖಾನೆಯೊಂದರ ನೆಲದಲ್ಲಿ ಇಂಥ ಗೋಡೆ ಬಂತು, ಆಮೇಲೆ ಹಲವು ದೇಶಗಳಲ್ಲಿ. ತೊಡಕು ಇಲ್ಲದಿಲ್ಲ: ತುಕ್ಕಿನ ಜೊತೆ ಕಾರ್ಬೊನೇಟ್ ಖನಿಜಗಳು ಕಟ್ಟಿ ರಂಧ್ರಗಳು ಮುಚ್ಚುತ್ತ ಬರುತ್ತವೆ. ಹಾಗಾಗಿ ಗೋಡೆ ಹೂತ ಮೇಲೂ ಎರಡೂ ಬದಿಯಲ್ಲಿ ನೀರಿನ ಮಟ್ಟ ಅಳೆಯುತ್ತಲೇ ಇರಬೇಕು.