ಉಗುರು, ತಂತಿ ಮತ್ತು ರಾಮನ್ ಕಂಡ ಕುದುರೆ

ಲಿಂಗನಮಕ್ಕಿ ಹಿನ್ನೀರಿನ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ಗಿಟಾರ್ ಕಲಿಯುವ ಮಗಳು ಎಡಗೈ ಉಗುರು ಕತ್ತರಿಸಲು ಒಪ್ಪುತ್ತಿಲ್ಲ. ‘ಓಪನ್ ಟ್ಯೂನಿಂಗ್’ ಮಾಡಿಕೊಂಡರೆ ಉದ್ದ ಉಗುರಿನಲ್ಲೂ ನುಡಿಸಬಹುದು ಎನ್ನುತ್ತಾಳೆ. ನಿಜವೇ?

ಬಹುಮಟ್ಟಿಗೆ ನಿಜ. ಮಾಮೂಲಿ ಶ್ರುತಿಯಲ್ಲಿ ಕಾರ್ಡ್ ಹಿಡಿಯಲು ಎರಡು ಮೂರು ಬೆರಳ ತುದಿ ನೆಟ್ಟಗೆ ಊರಬೇಕು, ಉಗುರು ಅಡ್ಡ ಬರುವುದು ಅಲ್ಲೇ. ತಂತಿಗಳನ್ನು ಡಿ-ಜಿ-ಡಿ-ಜಿ-ಬಿ-ಡಿ ಎಂದು ಸೇರಿಸಿಬಿಟ್ಟರೆ ಏನೂ ಒತ್ತದೆಯೇ ಜಿ ಮೇಜರ್ ಕಾರ್ಡ್ ನುಡಿಯುತ್ತದೆ. ತೋರುಬೆರಳನ್ನು 5ನೇ ಮನೆಯಲ್ಲಿ ಅಡ್ಡಲಾಗಿ ಮಲಗಿಸಿದರೆ ಸಿ, 7ನೆಯದರಲ್ಲಿ ಡಿ. ಇದಕ್ಕಾಗಿ ಮೂರು ತಂತಿಗಳನ್ನು ಒಂದೊಂದು ಪೂರ್ಣ ಸ್ವರದಷ್ಟು ಇಳಿಸಬೇಕು. ಬಿಗಿತ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾದ್ದರಿಂದ ಆ ತಂತಿಗಳು ಸುಮಾರು ಶೇ. 20ರಷ್ಟು ಸಡಿಲಾಗುತ್ತವೆ.

ನಮ್ಮ ವೀಣೆ ಮೊದಲಿನಿಂದಲೂ ಹೀಗೇ. ನುಡಿಸುವ ನಾಲ್ಕು ತಂತಿಗಳು ಸ-ಪ-ಸ-ಪ, ತಾಳದ ಮೂರು ಸ-ಪ-ಸ. ಇಲ್ಲಿ ಗಾಂಧಾರವೇ ಇಲ್ಲದಿರುವುದು ಜಾಣತನ. ಓಪನ್ ಜಿಯಲ್ಲಿ ಬಿ ತಂತಿ ಅಂತರ ಗಾಂಧಾರವಾಗಿ ಕೂತುಬಿಡುತ್ತದೆ, ಬೇರೆ ಗಾಂಧಾರದ ಖರಹರಪ್ರಿಯ ರಾಗ ನುಡಿಸಹೊರಟರೆ ಅದು ಜಗಳಕ್ಕೆ ನಿಲ್ಲುತ್ತದೆ. ವೀಣೆಯ ಶ್ರುತಿ ಮಾತ್ರ ಯಾವ ಗಾಂಧಾರಕ್ಕೂ ದಾರಿ ಬಿಡುತ್ತದೆ.

ನನ್ನ ಕುತೂಹಲವಿರುವುದು ಬಲಗೈ ಉಗುರಿನ ಮೇಲೆ. ಮೀಟಿ ಬಿಡುವ ಕ್ಷಣದಲ್ಲಿ ತಂತಿ ಮೂಲೆಯಾಗಿ ಬಾಗಿರುತ್ತದೆ. ಮೂಲೆ ಚೂಪಾದಷ್ಟೂ ಮೇಲಿನ ಉಪಸ್ವರಗಳು ಹೆಚ್ಚು. ಬೆರಳಿನ ಮಾಂಸ ಅದನ್ನು ದುಂಡಗಾಗಿಸುತ್ತದೆ, ಉಗುರು ಚೂಪಾಗಿಯೇ ಬಿಡುತ್ತದೆ. ಎಲ್ಲಿ ಮೀಟುತ್ತೇವೆ ಎಂಬುದೂ ಮುಖ್ಯ. ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟುವುದಿಲ್ಲ ಎಂದು ಥಾಮಸ್ ಯಂಗ್ 1800ರಲ್ಲೇ ತೋರಿಸಿದ್ದ. ನಟ್ಟನಡುವೆ ಮೀಟಿದರೆ 2, 4, 6ನೆಯವು ಮಾಯ.

ಸಿ.ವಿ. ರಾಮನ್ ಬೆಂಗಳೂರಿಗೆ ಬಂದದ್ದು 1933ರಲ್ಲಿ. ಅದಕ್ಕೂ ಮೊದಲು ಕಲ್ಕತ್ತೆಯಲ್ಲಿದ್ದಾಗ ಈ ನಿಯಮವನ್ನು ತಂಬೂರಿ, ವೀಣೆಗಳಿಗೆ ಹಚ್ಚಿ ನೋಡಿದರು. ನಿಯಮ ಮುರಿದುಬಿತ್ತು! ಇರಬಾರದ ಉಪಸ್ವರಗಳೂ ಗಟ್ಟಿಯಾಗಿ ಕೇಳುತ್ತಿದ್ದವು. 1921ರ ಪ್ರಬಂಧದಲ್ಲಿ ಅವರು ಬೊಟ್ಟುಮಾಡಿದ್ದು ಕುದುರೆಯನ್ನು, ಅಂದರೆ ತಂತಿಗಳನ್ನು ಹೊರುವ ಬ್ರಿಜ್ ಅನ್ನು. ಗಿಟಾರಿನಲ್ಲಿ ತಂತಿ ಒಂದು ಕಿರಿದಾದ ಅಂಚಿನ ಮೇಲೆ ಕೊನೆಗೊಳ್ಳುತ್ತದೆ. ವೀಣೆಯಲ್ಲಿ ಅದು ಅಗಲವಾದ, ನಸುಬಾಗಿದ ಮೇಲ್ಮೈಯನ್ನು ಪ್ರತಿ ಕಂಪನದಲ್ಲೂ ತಟ್ಟಿ ಬಿಡುತ್ತದೆ. ಕಳೆದುಹೋದ ಉಪಸ್ವರಗಳು ಅಲ್ಲಿ ಮತ್ತೆ ಹುಟ್ಟುತ್ತವೆ. ಅಷ್ಟು ಸರಳವಾದ ವಾದ್ಯಭಾಗದಲ್ಲಿ ಇಷ್ಟು ಸೂಕ್ಷ್ಮವಾದ ಭೌತವಿಜ್ಞಾನ ಅಡಗಿರುವುದು ನನಗೆ ಇಂದಿಗೂ ಬೆರಗು. ಗಿಟಾರಿಗೆ ಈ ಅನುಕೂಲವಿಲ್ಲ, ನಾದದ ಹೊಳಪಿಗೆ ಅದು ಉಗುರನ್ನೂ ಮೀಟುವ ಜಾಗವನ್ನೂ ಹೆಚ್ಚು ನೆಚ್ಚಿಕೊಂಡಿದೆ.

ಆದ್ದರಿಂದ ಮಗಳಿಗೆ ನನ್ನ ಸಲಹೆ ವೈಣಿಕರ ಪದ್ಧತಿಯದೇ: ಬಲಗೈಯಲ್ಲಿ ಉಗುರಿರಲಿ, ಎಡಗೈಯಲ್ಲಿ ಬೇಡ. ಕಾರ್ಡ್ ಹೇಗೋ ಸಿಗುತ್ತದೆ, ತಂತಿ ಎಳೆದು ಗಮಕ ಹೊರಡಿಸುವಾಗ ಉದ್ದ ಉಗುರು ಜಾರುತ್ತದೆ. ಇನ್ನೊಂದು ಮಾತು. ಉಗುರಿನ ಕೆರಟಿನ್ ನೀರು ಹೀರಿ ಮೆತ್ತಗಾಗುತ್ತದೆ. ಸಾಗರ, ಹೊಸನಗರದ ಮಳೆಗಾಲದಲ್ಲಿ, ಅದರಲ್ಲೂ ಪಾತ್ರೆ ತೊಳೆದ ಕೈಯಲ್ಲಿ, ಕೂಡಲೇ ವಾದ್ಯ ಮುಟ್ಟುವುದು ಬೇಡ. ಮುರಿದ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್ ಮಾತ್ರ.